ದೊಡ್ಡಮ್ಮನ ಎಡೆಗೆ ಏನಿಡುವುದು?

ನಮ್ಮ ದೊಡ್ಡಮ್ಮನಿಗೆ ತಿನ್ನೋಕೆ ಏನಿಷ್ಟ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಗೊತ್ತಾಗಿದ್ದು ಅವರು ತೀರಿಕೊಂಡ ಮೂರನೇ ದಿನ, ತೆಂಗಿನ ತೋಟದಲ್ಲಿ, ನಲವತ್ತು ಜನ ನೆಂಟರ ಮುಂದೆ. ಮಾನ ಹೋಯಿತು ಅಂತಲೇ ಇಟ್ಟುಕೊಳ್ಳಿ.

ನಮ್ಮ ಕಡೆ ಮಣ್ಣು ಮಾಡಿದ ಮೂರನೇ ದಿನ ಹಾಲುತುಪ್ಪ. ಸಮಾಧಿಯ ಮೇಲೆ ಹಾಲು, ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾಗಿದ್ದ ತಿಂಡಿಯನ್ನೆಲ್ಲ ಎಲೆಯಲ್ಲಿ ಇಡುತ್ತೇವೆ. ಹನ್ನೊಂದನೇ ದಿನ ತಿಥಿ. ಅವತ್ತು ಮನೆಯೊಳಗೆ ಫೋಟೋ ಮುಂದೆ ದೊಡ್ಡ ಎಲೆ ಹಾಕಿ ಮತ್ತೆ ಅವರಿಗೆ ಬೇಕಾದ್ದನ್ನೆಲ್ಲ ಬಡಿಸುತ್ತೇವೆ. ಅದಕ್ಕೆ ಎಡೆ ಅನ್ನುತ್ತೇವೆ. ಎಡೆ ಇಟ್ಟು ಬಾಗಿಲು ಹಾಕಿಕೊಂಡು ಎಲ್ಲರೂ ಆಚೆ ಬಂದು ನಿಲ್ಲಬೇಕು. ಹೋದವರು ಬಂದು ಉಂಡು ಹೋಗುತ್ತಾರೆ ಅಂತ ನಂಬಿಕೆ. ಆಮೇಲೆ ಬಾಗಿಲು ತೆಗೆದು, ಆ ಎಡೆಯನ್ನೇ ಎಲ್ಲರಿಗೂ ಒಂದಿಷ್ಟು ಹಂಚಿ, ಊಟಕ್ಕೆ ಕೂರುವುದು. ನಂಬುವವರು ನಂಬುತ್ತಾರೆ, ನಂಬದವರೂ ಬಾಗಿಲು ಹಾಕುತ್ತಾರೆ.

ಸರಿ, ಹಾಲುತುಪ್ಪದ ದಿನ ಏನಾಯಿತು ಅಂದರೆ, ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, ಐವತ್ತು ದಾಟಿದ ಗಂಡಸು, ಬಾಳೆಲೆಯಲ್ಲಿ ಮುದ್ದೆ ಇಟ್ಟು ಪಕ್ಕಕ್ಕೆ ಕೋಳಿಸಾರು ಹಾಕಿದ. ಪಾತ್ರೆಯೊಳಗೆ ಸೌಟು ಆಡಿಸಿ ಆಡಿಸಿ ಕತ್ತು, ರೆಕ್ಕೆ ಹುಡುಕಿ ಹಾಕಿದ.

"ಅವ್ವಂಗೆ ಕತ್ತು ರೆಕ್ಕೆ ಅಂದ್ರೆ ಪ್ರಾಣ ಕಣಮ್ಮ. ಬೇರೆ ಪೀಸು ಮುಟ್ತಾನೇ ಇರ್ಲಿಲ್ಲ" ಅಂದ ನನಗೆ. ಕಣ್ಣಲ್ಲಿ ನೀರಿತ್ತು.

ಹಿಂದೆ ನಿಂತಿದ್ದ ಅತ್ತಿಗೆ, ಅವನ ಹೆಂಡತಿ, ಮೆಲ್ಲಗೆ ಅಂದಳು, "ಬೇರೆ ಪೀಸೆಲ್ಲ ನಿಮ್ ತಟ್ಟೇಲಿರ್ತಿತ್ತು. ಇನ್ನೇನ್ ಮುಟ್ತಾರೆ ಅತ್ತೆಮ್ಮ?"

ಮೆಲ್ಲಗೆ ಅಂದಿದ್ದೇನೋ ನಿಜ, ಆದರೆ ತೋಟದಲ್ಲಿ ಅಷ್ಟು ಹೊತ್ತಿಗೆ ಎಲ್ಲರೂ ಸುಮ್ಮನಿದ್ದರು. ಎಲ್ಲರಿಗೂ ಕೇಳಿಸಿತು. ಅಣ್ಣ ಸೌಟು ಹಿಡಿದುಕೊಂಡೇ ನಿಂತ. ಯಾರೋ ಪರಿಸ್ಥಿತಿ ಸುಧಾರಿಸಲು "ಓಳಿಗೆ ಇಷ್ಟ ಅಲ್ವಾ?" ಅಂದರು. ಹೋಳಿಗೆ ಇಷ್ಟವಿದ್ದದ್ದು ಮೊದಲೇ ತೀರಿಕೊಂಡ ದೊಡ್ಡಪ್ಪನಿಗೆ. "ಹುರಳಿಕಾಳು ಬಸ್ಸಾರು?" ಅದು ಪಕ್ಕದ ಮನೆಯ ಯಜಮಾನರಿಗೆ. ದೊಡ್ಡಪ್ಪನ ತಮ್ಮ, ನಾವೆಲ್ಲ ಚಿಕ್ಕಯ್ಯ ಅನ್ನುವವರು, ಕೋಲು ಊರಿಕೊಂಡು ಮುಂದೆ ಬಂದು ತೀರ್ಪು ಕೊಟ್ಟರು: "ಅತ್ಗೆಮ್ಮಂಗೆ ಕಾಫಿ ಇಷ್ಟ. ನಾನ್ ಹೋದಾಗೆಲ್ಲ ಕಾಫಿ ಮಾಡೋಳು."

"ಅದ್ ನಿಮ್ಗೆ ಇಷ್ಟ ಅಂತ ಮಾಡ್ತಿದ್ರು ಚಿಕ್ಕಯ್ಯ" ಅಂದಳು ಅತ್ತಿಗೆ.

ಆಗ ಅಣ್ಣ ನನ್ನ ಕಡೆ ತಿರುಗಿದ. "ನೀನ್ ಹೇಳು. ಮೂರೊರ್ಷ ಅವಳ ಪಕ್ಕದಲ್ಲೇ ಇದ್ದೋಳು ನೀನು."

ನಾನು ಬಹಳ ಧೈರ್ಯವಾಗಿ ಬಾಯಿ ತೆಗೆದು "ಒಬ್ಬಟ್ಟಿನ ಸಾರು" ಅಂದೆ. ಅಂದ ಮೇಲೆ ಹೊಳೆಯಿತು. ಅದು ನನಗೆ ಇಷ್ಟ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡಾಗ ನಾನು ಏಳನೇ ಕ್ಲಾಸು ಮುಗಿಸಿದ್ದೆ. ಅಪ್ಪನಿಗೆ ಒಂದು ಲೋಟ ಹಾಲು ಕಾಯಿಸುವುದೂ ಬರುತ್ತಿರಲಿಲ್ಲ. ದೊಡ್ಡಮ್ಮ ಸಾವಿನ ಮನೆಗೆ ಬಂದವರು ವಾಪಸು ಹೋಗುವಾಗ ನನ್ನ ಎರಡು ಲಂಗ, ಸ್ಕೂಲ್ ಬ್ಯಾಗು ಎತ್ತಿಕೊಂಡರು. "ಐಸ್ಕೂಲು ನಮ್ಮೂರಲ್ಲೂ ಐತೆ" ಅಂದರು. ಅಷ್ಟೇ ಮಾತುಕತೆ. ಹಾಗೆ ನಾನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರಕ್ಕೆ ಹೋಗಿ, ಎಂಟರಿಂದ ಹತ್ತನೇ ಕ್ಲಾಸಿನ ತನಕ ಅವರ ಮನೆಯಲ್ಲಿದ್ದೆ. ಒಂದು ದಿನವೂ ಯಾರೂ ನನಗೆ "ತಾಯಿ ಇಲ್ಲದ ಮಗು" ಅನ್ನಲಿಲ್ಲ. ಅನ್ನಲು ಹೊರಟವರಿಗೆ ದೊಡ್ಡಮ್ಮ ಒಂದು ರೊಟ್ಟಿ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು.

ಆ ಮನೆಯಲ್ಲಿ ದಿನಾ ಒಂದು ಮುದ್ದೆ ಜಾಸ್ತಿ ಇರುತ್ತಿತ್ತು. ಯಾರಿಗೆ ಅಂತ ಕೇಳಿದರೆ "ಬರೋರ್‌ಗೆ" ಅನ್ನುತ್ತಿದ್ದರು. ಬರುವವರು ಬರುತ್ತಲೂ ಇದ್ದರು. ಕಾಯಿ ಕೀಳಲು ಬಂದವರು, ಕರೆಂಟ್ ಬಿಲ್ ಕೊಡಲು ಬಂದವರು, ದಾರಿ ತಪ್ಪಿದ ಸೀರೆ ವ್ಯಾಪಾರಿ. ರಾತ್ರಿ ನಮ್ಮೂರಲ್ಲೇ ಉಳಿಯುವ ಬಸ್ಸಿನ ಡ್ರೈವರ್, ಕಂಡಕ್ಟರ್‌ಗೆ ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ನಮ್ಮ ಹಂಡೆಯದೇ, ತಿಂಡಿಗೆ ರೊಟ್ಟಿ ನಮ್ಮ ಹೆಂಚಿನದೇ. ಊರಲ್ಲಿ ಯಾವ ಮನೆಯಲ್ಲಿ ಬಾಣಂತಿ ಇದ್ದರೂ ಮೊದಲ ವಾರದ ಮೆಣಸಿನ ಸಾರು ದೊಡ್ಡಮ್ಮನ ಕೈಯದು. ಹೊತ್ತುಕೊಂಡು ಹೋಗುವ ಕೆಲಸ ನನ್ನದು. ನನಗೆ ಬೇಜಾರಾಗುತ್ತಿತ್ತು, ಹೇಳಿಯೂ ಬಿಡುತ್ತಿದ್ದೆ. "ನಾವೇನ್ ಓಟ್ಲು ಇಟ್ಟಿದೀವಾ ದೊಡ್ಡಮ್ಮ?"

"ಓಟ್ಲಾದ್ರೆ ಮಧ್ಯಾನ ಬಾಗ್ಲಾಕಬೋದು. ನಡಿ ನಡಿ, ಸಾರು ಆರೋಗ್ತದೆ."

ಎಲ್ಲರ ಊಟವಾದ ಮೇಲೆ ಅವರು ಉಣ್ಣುತ್ತಿದ್ದರು. ಇದನ್ನು ನಾನು ಈಗ ದೊಡ್ಡ ತ್ಯಾಗದ ಕಥೆ ಮಾಡಲು ಹೊರಟಿಲ್ಲ. ಆ ಕಾಲಕ್ಕೆ ನಮ್ಮೂರಲ್ಲಿ ಎಲ್ಲಾ ಮನೆ ಹೆಂಗಸರೂ ಹಾಗೆಯೇ ಉಣ್ಣುತ್ತಿದ್ದರು. ಆದರೆ ಮೂರು ವರ್ಷ ಪಕ್ಕದಲ್ಲೇ ಮಲಗಿ ಎದ್ದ ನನಗೆ, ಅವರು ತಟ್ಟೆಗೆ ಏನು ಹಾಕಿಕೊಳ್ಳುತ್ತಿದ್ದರು ಅಂತ ಕಣ್ಣು ಮುಚ್ಚಿ ನೆನೆಸಿಕೊಂಡರೆ ಏನೂ ಕಾಣುವುದಿಲ್ಲ. ನಿಂತುಕೊಂಡು ಉಣ್ಣುತ್ತಿದ್ದರು ಅನ್ನುವುದು ನೆನಪಿದೆ. ಒಲೆ ಪಕ್ಕ, ಗೋಡೆಗೆ ಒರಗಿ. ಮಧ್ಯೆ ಯಾರಾದರೂ ಕರೆದರೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದರು. ಆ ಮುಚ್ಚಿದ ತಟ್ಟೆ ನೆನಪಿದೆ. ಒಳಗೆ ಏನಿತ್ತೋ ದೇವರಿಗೇ ಗೊತ್ತು.

ಹಾಲುತುಪ್ಪ ಮುಗಿಸಿ ನಾನು ತುಮಕೂರಿಗೆ ಹೊರಟಾಗ ಅಣ್ಣ ಬಸ್ಸಿನ ತನಕ ಬಂದ. ಜನ ಏನೇನೋ ಅಂದಿದ್ದರಂತೆ. ಆಸೆ ಉಳಿದರೆ ಮನೆ ಸುತ್ತುತ್ತಾರೆ, ಅದು ಇದು. ಅಣ್ಣ ಅದನ್ನೆಲ್ಲ ನಂಬುವವನಲ್ಲ. ಅವನ ಸಂಕಟ ಬೇರೆ ಇತ್ತು.

"ತಿಥಿಗೆ ನಂಟ್ರೆಲ್ಲ ಉಣ್ತಾರೆ, ಹೋಗ್ತಾರೆ. ಅದ್ ಬುಡು. ಒಂದ್ ಎಲೆ ಅವಳಿಗೆ ಅಂತ ಹಾಕ್ತೀನಲ್ಲ, ಅದ್ರಲ್ಲೂ ನಮ್ಗೆ ಬೇಕಾದ್ದೇ ಹಾಕಿ ಬಾಗ್ಲಾಕೋಕೆ ನಂಗಾಗಲ್ಲ ಕಣಮ್ಮ. ಎಂಗಾರ ಮಾಡಿ ತಿಳ್ಕ. ನಿಂಗೆ ನಾಕ್ ಜನ ಮಾತಾಡ್ಸೋದು ಬರ್ತದೆ."

ಎಂಟು ದಿನವಿತ್ತು.

ಮೊದಲು ಹೋಗಿದ್ದು ಚಿಕ್ಕಮ್ಮನ ಹತ್ತಿರ. ದೊಡ್ಡಮ್ಮ, ನಮ್ಮಮ್ಮ, ಈ ಚಿಕ್ಕಮ್ಮ ಮೂವರೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಚಿಕ್ಕಮ್ಮ ಮದುವೆಯಾಗಿ ಅದೇ ಊರಲ್ಲೇ ಉಳಿದರು. ಭಾನುವಾರ ಕುಣಿಗಲ್‌ನಲ್ಲಿ ಬಸ್ ಬದಲಾಯಿಸಿ ಮಾರ್ಕೋನಹಳ್ಳಿಗೆ ಹೋಗಿ ಇಳಿದಾಗ ಹನ್ನೊಂದು ಗಂಟೆ. ಚಿಕ್ಕಮ್ಮ ಡ್ಯಾಮಿನ ನೀರು ಹರಿಯುವ ಚಾನೆಲ್ ಪಕ್ಕದ ಕಲ್ಲಿನ ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದರು. ಎಪ್ಪತ್ತರ ಮೇಲಾಗಿದೆ. ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಕೇಳಿದರೆ "ಅದ್ರಲ್ಲಿ ಕೊಳೆ ಹೋಗಲ್ಲ, ಸುತ್ತ ಸುತ್ತ ತಿರಗ್ತದೆ" ಅಂದರು.

ನಾನು ನೇರವಾಗಿ ಕೇಳಿದೆ. ಚಿಕ್ಕಮ್ಮ ಹಿಂಡುತ್ತಿದ್ದ ಪಂಚೆ ಬಿಟ್ಟರು.

"ಏನಿಷ್ಟ ಅಂತ ಇವಾಗ್ ಕೇಳ್ತಿದೀರಾ?"

"ಹೂಂ."

"ಬದುಕಿದ್ದಾಗ ಬಾಯ್ಗೆ ಏನ್ ಇಟ್ಕಂಡಿದ್ರಿ ಎಲ್ರೂ?"

"ಅವರು ಮಾಡಿದ ಮುದ್ದೆ" ಅಂದೆ.

ಚಿಕ್ಕಮ್ಮ ನಕ್ಕರು, ಆಮೇಲೆ ಅತ್ತರು, ಆಮೇಲೆ ಪಂಚೆ ಹಿಂಡಿ ಮುಗಿಸಿದರು. ಅವರಿಗೂ ಗೊತ್ತಿರಲಿಲ್ಲ. ಡ್ಯಾಮಿನ ಮೀನು ಇಷ್ಟವಿತ್ತೇನೋ ಅಂದರು, ಮರುಕ್ಷಣ ಅದು ನಿಮ್ಮಮ್ಮನಿಗೆ ಅಂತ ತಿದ್ದಿಕೊಂಡರು. ಆದರೆ ಒಂದು ಸಂಗತಿ ಹೇಳಿದರು.

ದೊಡ್ಡಮ್ಮನಿಗೆ ಎಂಟೋ ಒಂಬತ್ತೋ ವರ್ಷ ಇರುವಾಗ ಊರಲ್ಲಿ ಯಾರದೋ ಮದುವೆ. ಊಟಕ್ಕೆ ಎಲೆ ಹಾಕಿದ್ದೇ ತಡ, ಈ ಹುಡುಗಿ ಓಡಿ ಹೋಗಿ ಮೊದಲನೇ ಪಂಕ್ತಿಯಲ್ಲಿ, ಗಂಡಿನ ಕಡೆಯ ಯಜಮಾನರ ಮಧ್ಯೆ ಕೂತುಬಿಟ್ಟಳಂತೆ. ಎಲೆಗೆ ನೀರು ಚಿಮುಕಿಸಿ, ಕೈ ಕಟ್ಟಿಕೊಂಡು, ಬಡಿಸಲಿ ಅಂತ ಕಾಯುತ್ತಾ. ಉಪ್ಪಿನಕಾಯಿ ಬಿತ್ತು, ಪಲ್ಯ ಬಿತ್ತು. ಅಷ್ಟರಲ್ಲಿ ಅವರ ಸೋದರತ್ತೆ ಬಂದು ರಟ್ಟೆ ಹಿಡಿದು ಎಬ್ಬಿಸಿದರು.

"ಎಬ್ಸಿ, ಕೈಗೆ ಉಪ್ಪಿನ್ ತಟ್ಟೆ ಕೊಟ್ರು ಕಣೇ, ಬಡ್ಸು ಹೋಗು ಅಂತ. ನಾನು ಅವ್ವನ ಸೊಂಟದಲ್ಲಿದ್ದೆ ಅವಾಗ, ನಂಗೆಲ್ ಗೊತ್ತು. ಅವ್ಳೇ ಹೇಳೋಳು. ನಗ್ತಾ ಹೇಳೋಳು. 'ಅವತ್ ಕೊಟ್ಟಿದ್ ತಟ್ಟೆ ಇನ್ನೂ ಯಾರೂ ಈಸ್ಕಂಡಿಲ್ಲ ನೋಡು' ಅನ್ನೋಳು."

ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡಿಕೊಂಡು ವಾಪಸು ಬಂದೆ. ಕೈಯಲ್ಲಿ ತಿಂಡಿಯ ಹೆಸರೊಂದೂ ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿ "ಮೀನಲ್ಲ" ಅಂದೆ. "ಇದೊಂದ್ ಗೊತ್ತಾಯ್ತಲ್ಲ" ಅಂದ ಪುಣ್ಯಾತ್ಮ.

ಇಲ್ಲಿ ನನ್ನ ಒಂದು ಕೊಳಕು ವಿಷಯ ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಮದುವೆಯಾಗಿ ತುಮಕೂರಿನ ಸದಾಶಿವನಗರಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ದೊಡ್ಡಮ್ಮನಿಗೆ ಬಿ.ಪಿ. ಶುರುವಾದ ಮೇಲೆ ತಿಂಗಳಿಗೊಮ್ಮೆ ತುಮಕೂರಿಗೆ ಬಂದು ಡಾಕ್ಟರಿಗೆ ತೋರಿಸಿ, ಮಾತ್ರೆ ತೆಗೆದುಕೊಂಡು, ನಮ್ಮ ಮನೆಗೆ ಬಂದು, ಸಂಜೆ ಬಸ್ಸಿಗೆ ವಾಪಸು ಹೋಗುತ್ತಿದ್ದರು. ಬಸ್ಸು ಹೆಂಗಸರಿಗೆ ಫ್ರೀ ಆದ ಮೇಲಂತೂ ಒಂದು ತಿಂಗಳೂ ತಪ್ಪಿಸಲಿಲ್ಲ. ಅವರು ಬರುವ ದಿನ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಬೆಳಿಗ್ಗೆ ಐದಕ್ಕೇ ಎದ್ದು ಏನಾದರೂ ವಿಶೇಷ ಮಾಡುತ್ತಿದ್ದೆ. ಒಂದು ಸಲ ಶಾವಿಗೆ ಒತ್ತಿದ್ದೆ, ಇನ್ನೊಂದು ಸಲ ಅಕ್ಕಿ ಕಡುಬು. ಅವರು ಬಂದು, ಬ್ಯಾಗು ಇಟ್ಟು, ಒಂದೇ ಮಾತು:

"ಒಟ್ಟೆ ತುಂಬೈತೆ ಕಣವ್ವ. ಒಂದ್ ಲೋಟ ಮಜ್ಜಿಗೆ ಕೊಡು, ಸಾಕು."

ಪ್ರತಿ ತಿಂಗಳೂ ಇದೇ. ಮಜ್ಜಿಗೆ ಕುಡಿದು ಸೀದಾ ಅಡುಗೆಮನೆಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ಮಧ್ಯಾಹ್ನಕ್ಕೆ ಸಾರು ಮಾಡಲು ನಿಲ್ಲುತ್ತಿದ್ದರು. ಬೇಡ ಅಂದರೆ ಕೇಳಿದರಲ್ಲವೆ. ನನ್ನ ಕಡುಬು ಡಬ್ಬಿಯೊಳಗೆ ಬೆವರುತ್ತಾ ಕೂತಿರುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಊರಿಗೆಲ್ಲ ಬಡಿಸಿದ ಹೆಂಗಸು ನನ್ನ ಕೈಯಿಂದ ಒಂದು ತುತ್ತು ತಿನ್ನುವುದಿಲ್ಲ ಅಂದರೆ ಏನರ್ಥ? ನನ್ನ ಅಡುಗೆ ಹಿಡಿಸಲ್ಲ ಅಂತ ತಾನೆ?

ಹೋದ ವರ್ಷ ಒಂದು ದಿನ ಅಂದುಬಿಟ್ಟೆ. ಗಂಡ ಮನೆಯಲ್ಲೇ ಇದ್ದರು, ತಡೆಯಲೂ ನೋಡಿದರು. ಆದರೂ ಅಂದೆ. "ದೊಡ್ಡಮ್ಮ, ನೀನ್ ಬರೋದೇ ನನ್ ಅಡಿಗೇಲಿ ತಪ್ಪು ಹುಡುಕೋಕೆ. ನಿನ್ ಸಾರು ನಿನ್ ಮನೇಲೇ ಮಾಡ್ಕೋ. ನಮ್ಗೂ ಕೈಕಾಲು ಇದಾವೆ."

ಅವರು ಸೌಟು ಕೆಳಗಿಟ್ಟರು. ಜಗಳ ಆಡಲಿಲ್ಲ. "ಇಲ್ಲ ಕಣ್ ಮಗ, ಅಂಗೇನಿಲ್ಲ" ಅಂದು ಹಾಲ್‌ಗೆ ಬಂದು ಕೂತರು. ಟಿವಿ ನೋಡಿದರು. ಮುಂದಿನ ಎರಡು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಡಾಕ್ಟರ ಹತ್ತಿರ ಬಂದು ಹಾಗೇ ಹೋದರು ಅಂತ ಅತ್ತಿಗೆಯಿಂದ ತಿಳಿಯಿತು. ಮೂರನೇ ತಿಂಗಳು ಏನೂ ಆಗೇ ಇಲ್ಲ ಅನ್ನುವ ಹಾಗೆ ಹತ್ತು ತೆಂಗಿನಕಾಯಿ ಹೊತ್ತುಕೊಂಡು ಬಂದರು. ಮಜ್ಜಿಗೆ ಕುಡಿದರು. ನಾನು ಕ್ಷಮೆ ಕೇಳಲಿಲ್ಲ. ಕೇಳೋಣ ಅಂದುಕೊಂಡಿದ್ದೆ, ಮುಂದಿನ ತಿಂಗಳು ಕೇಳೋಣ ಅಂದುಕೊಂಡಿದ್ದೆ. ನಿಮಗೂ ಇಂಥದ್ದೊಂದು ಇರುತ್ತದೆ, ಬಿಡಿಸಿ ಹೇಳುವ ಅಗತ್ಯವಿಲ್ಲ.

ಈಗ ಕಂಡಕ್ಟರ್ ವಿಷಯ.

ತಿಥಿಗೆ ಇನ್ನು ಮೂರು ದಿನ ಇರುವಾಗ ಅತ್ತಿಗೆಗೆ ಸಹಾಯಕ್ಕೆ ಅಂತ ಬೆಳಿಗ್ಗೆ ಸಿ.ಎಸ್. ಪುರದ ಬಸ್ ಹತ್ತಿದೆ. ಆ ರೂಟಿನಲ್ಲಿ ಬಹಳ ವರ್ಷದಿಂದ ಇರುವ ಕಂಡಕ್ಟರ್. ನಮ್ಮ ಹಂಡೆಯ ಬಿಸಿನೀರಲ್ಲಿ ಸ್ನಾನ ಮಾಡಿದವರು, ದೊಡ್ಡಮ್ಮನ ಕೈ ರೊಟ್ಟಿ ತಿಂದವರು. ಗುಬ್ಬಿ ದಾಟಿದ ಮೇಲೆ ಸೀಟು ಖಾಲಿಯಾಗಿ, ನನ್ನ ಪಕ್ಕ ಬಂದು ಕೂತರು.

"ಅಮ್ಮ ಹೋಗ್ಬುಟ್ರಂತೆ. ರಜೆ ಸಿಗ್ಲಿಲ್ಲ ಕಣಕ್ಕ, ಮಣ್ಣಿಗೆ ಬರಾಕಾಗ್ಲಿಲ್ಲ. ತಿಥಿಗೆ ಬತ್ತೀನಿ."

"ಬನ್ನಿ" ಅಂದೆ.

"ತುಮಕೂರಿಗೆ ಬಂದ್ರೆ ನಮ್ ಬಸ್ಸಲ್ಲೇ ಬರೋರು. ಬಸ್‌ಸ್ಟ್ಯಾಂಡಿಗಂತೂ ಒಂದಿನ ಬರ್ಲಿಲ್ಲ, ಗುಬ್ಬಿ ಗೇಟಲ್ಲೇ ಇಳ್ಸು ಅನ್ನೋರು." ಗುಬ್ಬಿ ಗೇಟ್ ಅಂದರೆ ಗುಬ್ಬಿಯಲ್ಲ, ತುಮಕೂರಿನಲ್ಲೇ ಬಸ್ ಸ್ಟ್ಯಾಂಡಿಗಿಂತ ಮೊದಲು ಸಿಗುವ ಸ್ಟಾಪು.

"ಯಾಕೆ? ಡಾಕ್ಟರ್ ಇರೋದು ಬಸ್‌ಸ್ಟ್ಯಾಂಡ್ ಹತ್ರ ಅಲ್ವಾ?"

ಕಂಡಕ್ಟರ್ ನನ್ನ ಮುಖ ನೋಡಿದರು. "ನಿಮ್ಗ್ ಗೊತ್ತಿಲ್ವಾ? ಅಲ್ಲೊಂದ್ ಓಟ್ಲು ಐತಲ್ಲ, ಅಲ್ಲಿ ದೋಸೆ ತಿಂದು ಮುಂದಕ್ಕೆ ಹೋಗೋರು. ನಾನೇ ಕಣ್ಣಾರೆ ನೋಡಿವ್ನಿ. ಒಂದಿನ ತಮಾಷೆ ಮಾಡ್ದೆ, 'ಏನಮ್ಮ, ನಮ್ಗೆಲ್ಲ ರೊಟ್ಟಿ ಕೊಟ್ಟು ನೀವ್ ಓಟ್ಲು ದೋಸೆ ಹೊಡೀತೀರಾ' ಅಂತ. 'ಮನೇಲಿ ಹೇಳ್ಬ್ಯಾಡ ಕಣಪ್ಪ, ಬಿ.ಪಿ. ಅಂತ ಬಯ್ತಾರೆ' ಅಂದ್ರು. ಇವಾಗ್ ಹೇಳ್ಬೋದಲ್ಲ?"

ಹೇಳಬಹುದು ಅಂದೆ. ಕಿಟಕಿ ಕಡೆ ತಿರುಗಿ ಕೂತೆ.

ಅವತ್ತು ಸಿ.ಎಸ್. ಪುರದಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಮೊದಲು ಸ್ವತಃ ಹೋಗಿ ನೋಡಬೇಕಿತ್ತು. ಮಧ್ಯಾಹ್ನ ವಾಪಸು ಬರುವಾಗ ಗುಬ್ಬಿ ಗೇಟಿನಲ್ಲಿ ಇಳಿದೆ. ಹೋಟೆಲ್ ದೊಡ್ಡದೇನಲ್ಲ. ನಿಂತು ತಿನ್ನುವ ಜಾಗ ಮುಂದೆ, ಒಳಗೆ ಆರೋ ಏಳೋ ಟೇಬಲ್. ನಾನು ಇಪ್ಪತ್ತು ವರ್ಷದಿಂದ ಆ ಹೋಟೆಲ್ ಮುಂದೆ ಓಡಾಡಿದ್ದೀನಿ. ತಿಥಿ ಕಾರ್ಡಿನಲ್ಲಿದ್ದ ಫೋಟೋ ಸಪ್ಲೈಯರ್‌ಗೆ ತೋರಿಸಿದೆ. ನನ್ನ ವಯಸ್ಸಿನವರೇ, ಹೆಗಲ ಮೇಲೆ ಒರೆಸುವ ಬಟ್ಟೆ.

"ಅಯ್ಯೋ, ಚಟ್ನಿ ಅಜ್ಜಿ!" ಅಂದರು. ಕಾರ್ಡಿನ ಮೇಲಿದ್ದ ಬರಹ ಆಮೇಲೆ ಕಾಣಿಸಿತು ಅವರಿಗೆ. ಬಟ್ಟೆಯನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಫ್ಯಾನ್ ಕೆಳಗೆ ಆ ಮೂಲೆ ಟೇಬಲ್ ನೋಡಿ, ಅದೇ ಅಜ್ಜೀದು. ಮೊದ್ಲು ಬಂದಾಗ ಮಸಾಲೆ ತಿಂದು ತಟ್ಟೆ ಎತ್ಕಂಡು ತೊಳ್ಯೋಕೆ ಹೊಂಟ್ಬುಡ್ತು. ನಾನ್ ಓಡೋಗಿ ಕಿತ್ಕಂಡೆ. 'ಬುಡಿ ಅಜ್ಜಿ, ಅದ್ ನಮ್ ಕೆಲ್ಸ, ನೀವ್ ಕೂತ್ಕಳಿ' ಅಂದೆ. ನನ್ ಮಕ ಎಂಗ್ ನೋಡ್ತು ಗೊತ್ತಾ? ಅವತ್ತಿಂದ ತಿಂಗ್ಳಿಗೊಂದ್ ಸಲ ಗ್ಯಾರಂಟಿ. ದೋಸೆ ತಿನ್ನೋದು, ಕೈ ತೊಳ್ಕಂಬಂದು ಮತ್ತೆ ಅಲ್ಲೇ ಕೂತ್ಕಳೋದು. ನಾನು ತಟ್ಟೆ ಎತ್ತೋಗಂಟ ಏಳ್ತಿರ್ಲಿಲ್ಲ. ಎತ್ತಿ, ಟೇಬಲ್ ಒರೆಸಿದ್ ಮೇಲೆ 'ಬತ್ತೀನಪ್ಪ' ಅಂತ ಹೋಗೋದು."

"ಚಟ್ನಿ ಅಜ್ಜಿ ಅಂತ ಯಾಕೆ?" ಅಂತ ಕೇಳಿದೆ.

"ಎರಡ್ ಸಲ ಚಟ್ನಿ ಹಾಕ್ಸ್ಕಳೋದು. ತಟ್ಟೇಲಿ ಚಟ್ನಿ ಇದ್ರೂನೂವೆ. 'ಒಸಿ ಚಟ್ನಿ ಹಾಕಪ್ಪ' ಅಂತ ಕರ್ದು, ನಾನ್ ಹಾಕೋದ್ನೇ ನೋಡ್ತಾ ಕೂರೋದು. ಒಂದ್ ಸಲ ಕೇಳೇಬುಟ್ಟೆ, 'ಅಜ್ಜಿ, ಸುಮ್ನೆ ಹಾಕ್ಸ್ಕತೀಯಲ್ಲ, ತಿನ್ನಲ್ಲ'. ಅದುಕ್ಕೆ 'ನೀನ್ ಹಾಕದು ಚೆಂದಾಗೈತೆ ಕಣಪ್ಪ' ಅಂತು."

ನಾನು ಆ ಮೂಲೆ ಟೇಬಲ್ಲಿಗೆ ಹೋಗಿ ಕೂತು ಒಂದು ಮಸಾಲೆ ದೋಸೆ ಹೇಳಿದೆ. ಸುಳ್ಳು ಯಾಕೆ, ದೋಸೆ ಅಂಥ ಅದ್ಭುತವೇನೂ ಅಲ್ಲ. ಎಣ್ಣೆ ಮುಂದು, ಪಲ್ಯ ಹಿಂದು. ನಾನು ಅದಕ್ಕಿಂತ ಚೆನ್ನಾಗಿ ಮಾಡುತ್ತೇನೆ. ಆದರೆ ನಮ್ಮ ಮನೆಯಲ್ಲಿ ಅವರು ಕೂತಲ್ಲಿ ಕೂರುವಂತಿರಲಿಲ್ಲ. ಏಳು ಅಂತ ನಾನು ಅಂದಿಲ್ಲ, ಕೂರು ಅಂತಲೂ ರಟ್ಟೆ ಹಿಡಿದು ಕೂರಿಸಿಲ್ಲ. ಕಡುಬು ಮಾಡಿ ಡಬ್ಬಿಯಲ್ಲಿಟ್ಟು "ತಿನ್ನು" ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದೆ. ಅವರು ಬಂದ ತಕ್ಷಣ ಸೆರಗು ಸಿಕ್ಕಿಸಿಕೊಂಡರೆ, ನಿಜ ಹೇಳಬೇಕೆಂದರೆ, ಮಧ್ಯಾಹ್ನದ ಸಾರಿನ ಚಿಂತೆ ತಪ್ಪಿತು ಅಂತ ಒಳಗೊಳಗೇ ಅನ್ನಿಸುತ್ತಿತ್ತು.

ಸಪ್ಲೈಯರ್ ಕೇಳದೇ ಎರಡನೇ ಸಲ ಚಟ್ನಿ ಹಾಕಿ ಹೋದರು.

ರಾತ್ರಿ ಫೋನಿನಲ್ಲಿ ಅಣ್ಣನಿಗೆ ಹೇಳಿದೆ. "ನಾನ್ ಒಂದಿನಾನೂ ಅವಳ ಓಟ್ಲಿಗೆ ಕರ್ಕೊಂಡ್ ಹೋಗಿಲ್ಲ ಕಣಮ್ಮ. ಬಿ.ಪಿ. ಅಂತ" ಅಂದ.

ತಿಥಿ ದಿನ ನಾನು, ಗಂಡ ಬೆಳಿಗ್ಗೆ ಎಂಟಕ್ಕೇ ಗುಬ್ಬಿ ಗೇಟಿನಲ್ಲಿ ಕಾರು ನಿಲ್ಲಿಸಿ ಮಸಾಲೆ ದೋಸೆ ಪಾರ್ಸೆಲ್ ಕಟ್ಟಿಸಿಕೊಂಡೆವು. ಸಪ್ಲೈಯರ್ ಬಾಳೆಲೆಯಲ್ಲಿ ಸುತ್ತಿ, ಅದರ ಮೇಲೆ ಪೇಪರ್ ಸುತ್ತಿ, ಚಟ್ನಿಯನ್ನು ಎರಡು ಪೊಟ್ಟಣ ಮಾಡಿ ಕೊಟ್ಟರು. ಕಾರಿನ ತುಂಬಾ ವಾಸನೆ. ಗುಬ್ಬಿ ಬರುವ ಹೊತ್ತಿಗೆ ಗಂಡ "ನಮ್ಗೂ ಎರಡು ಕಟ್ಟಿಸ್ಬೇಕಿತ್ತು" ಅಂದರು. ಎಡೆಗೆ ಮುಂಚೆ ತಿನ್ನುವ ಹಾಗಿಲ್ಲ ಅಂತ ಬಾಯಿ ಮುಚ್ಚಿಸಿದೆ.

ನಿರೀಕ್ಷೆ ಮಾಡಿದ ಹಾಗೇ ಚಿಕ್ಕಯ್ಯ ತಗಾದೆ ತೆಗೆದರು. ಅಣ್ಣ ಫೋಟೋ ಮುಂದೆ ಎಲೆ ಹಾಕಿ, ಮುದ್ದೆ, ಸಾರು, ಪಾಯಸ ಎಲ್ಲಾ ಬಡಿಸಿ, ನಡುವೆ ದೋಸೆ ಇಡಲು ಹೋದಾಗ ಕೋಲು ಅಡ್ಡ ಬಂತು.

"ಏನ್ಲಾ ಇದು? ಓಟ್ಲು ದೋಸೆನಾ ಎಡೆಗೆ? ಯಾರ್ ಮುಟ್ಟವ್ರೋ, ಯಾವ್ ಎಂಜಲೋ. ಮನೇಲಿ ಮಾಡಿದ್ ಇಡ್ಬೇಕು ಕಣ್ಲಾ."

ಅಣ್ಣ ಏನು ಹೇಳುತ್ತಾನೋ ಅಂತ ನಾನು ನೋಡುತ್ತಿದ್ದೆ. ಅವನು ಚಿಕ್ಕಯ್ಯನಿಗೆ ಒಂದು ದಿನವೂ ಎದುರು ಮಾತಾಡಿದವನಲ್ಲ.

"ಅಪ್ಪನ ಎಡೆಗೆ ನೀವೇ ಬ್ರಾಂದಿ ಕ್ವಾಟ್ರು ಇಟ್ರಲ್ಲ ಚಿಕ್ಕಯ್ಯ. ಅದೇನ್ ನಮ್ಮವ್ವ ಮನೇಲಿ ಕಾಯ್ಸಿದ್ಲಾ?"

ನೆರೆದಿದ್ದವರೆಲ್ಲ ನಕ್ಕರು. ಚಿಕ್ಕಯ್ಯನೂ ನಗಬಾರದು ಅಂತ ಪ್ರಯತ್ನಪಟ್ಟು ಸೋತರು. ಕೋಲು ಹಿಂದಕ್ಕೆ ಹೋಯಿತು. ದೋಸೆ ಎಲೆಯ ಮೇಲೆ ಕೂತಿತು, ತಣ್ಣಗಾಗಿ, ಮೆತ್ತಗಾಗಿ, ಮಡಿಚಿದ ಟವೆಲ್ ಹಾಗೆ. ನಾನು ಒಂದು ಪೊಟ್ಟಣ ಚಟ್ನಿ ಬಿಚ್ಚಿ ಪಕ್ಕಕ್ಕೆ ಹಾಕಿದೆ. ಇನ್ನೊಂದನ್ನು ಕೈಯಲ್ಲೇ ಇಟ್ಟುಕೊಂಡೆ. ದೀಪ ಹಚ್ಚಿ, ಎಲ್ಲರೂ ಕೈ ಮುಗಿದು ಆಚೆ ಬಂದೆವು. ಅಣ್ಣ ಬಾಗಿಲು ಹಾಕಿದ.

ಸಾಮಾನ್ಯವಾಗಿ ಐದು ನಿಮಿಷಕ್ಕೆ ತೆಗೆದುಬಿಡುತ್ತಾರೆ. ಹೊರಗೆ ಶಾಮಿಯಾನದಲ್ಲಿ ಎಲೆ ಹಾಕಿಯಾಗಿತ್ತು. ಇನ್ನೂರು ಜನ ಇದ್ದರು. ಗಂಟೆ ಒಂದೂವರೆ. ಬಾಗಿಲು ತೆಗೆದು ಎಡೆ ಹಂಚುವ ತನಕ ಯಾರೂ ಉಣ್ಣುವ ಹಾಗಿಲ್ಲ.

ಐದು ನಿಮಿಷವಾದ ಮೇಲೆ ಚಿಕ್ಕಯ್ಯ ಎದ್ದರು. ಅಷ್ಟರಲ್ಲಿ ಅತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮುಂದೆ ಕೂತಿದ್ದಳು.

"ಆಯ್ತಲ್ಲಮ್ಮ, ತೆಗಿ."

"ಇರಿ ಚಿಕ್ಕಯ್ಯ. ಇನ್ನೂ ತಿಂತಾವ್ರೆ."

ಹತ್ತು ನಿಮಿಷವಾಯಿತು. ಮಕ್ಕಳು ಅಳಲು ಶುರುಮಾಡಿದವು. ಕಂಡಕ್ಟರ್ ಗಡಿಯಾರ ನೋಡಿಕೊಂಡರು, ಅವರಿಗೆ ಎರಡೂಕಾಲಿಗೆ ಡ್ಯೂಟಿ. ಅಡುಗೆಯವರು ಬಂದು ಅನ್ನ ಆರುತ್ತದೆ ಅಂದರು. ಮಾರ್ಕೋನಹಳ್ಳಿಯಿಂದ ಬಂದಿದ್ದ ಚಿಕ್ಕಮ್ಮ ಮಾತ್ರ ಗೋಡೆಗೆ ಒರಗಿ ಆರಾಮಾಗಿ ಎಲೆ ಅಡಿಕೆ ಹಾಕುತ್ತಿದ್ದರು.

"ಒಟ್ಟೆ ಚುರ್ ಅಂತೈತೆ ಕಣಮ್ಮ, ಎಷ್ಟೊತ್ತು?" ಅಂದರು ಚಿಕ್ಕಯ್ಯ.

"ಎರಡ್ನೇ ಸಲ ಚಟ್ನಿ ಹಾಕ್ಸ್ಕಬೇಕು. ಅವಸ್ರ ಮಾಡ್ಬ್ಯಾಡಿ" ಅಂದಳು ಅತ್ತಿಗೆ.

ನಾನು ಕೈಯಲ್ಲಿದ್ದ ಪೊಟ್ಟಣ ಅವಳಿಗೆ ಕೊಟ್ಟೆ. ಅವಳು ಬಾಗಿಲನ್ನು ಒಂದು ಗೇಣು ತೆಗೆದು, ಒಬ್ಬಳೇ ಒಳಗೆ ಹೋಗಿ, ಬಡಿಸಿ ಬಂದು, ಮತ್ತೆ ಬಾಗಿಲು ಹಾಕಿ ಅದೇ ಜಾಗದಲ್ಲಿ ಕೂತಳು. ಹೀಗೆ ಮಾಡುವ ಪದ್ಧತಿ ಎಲ್ಲೂ ಇಲ್ಲ. ಮತ್ತೂ ಹತ್ತು ನಿಮಿಷ ಇನ್ನೂರು ಜನ ಹಸಿದುಕೊಂಡು ದೊಡ್ಡಮ್ಮನ ಊಟ ಮುಗಿಯಲಿ ಅಂತ ಕಾದರು.

ಬಾಗಿಲು ತೆಗೆದು ಎಡೆ ಹಂಚಿದೆವು. ನನಗೆ ಬಂದ ದೋಸೆಯ ಚೂರು ಚಕ್ಕಳದ ಹಾಗಿತ್ತು, ತಿಂದೆ. ಚಿಕ್ಕಯ್ಯ ತಮ್ಮ ಪಾಲು ಬಾಯಿಗೆ ಹಾಕಿಕೊಂಡು "ಚಟ್ನಿ ಐತೇನಮ್ಮ ಒಸಿ?" ಅಂದರು.

ಎಲೆ ಎತ್ತಲು ನಾನು ಬಗ್ಗಿದೆ. ಅಭ್ಯಾಸ. ಅಣ್ಣ ನನ್ನ ಕೈ ಸರಿಸಿದ. "ನೀನ್ ಬುಡು, ನಾನ್ ಎತ್ತೀನಿ."

ಎಲೆಯನ್ನು ನಾಜೂಕಾಗಿ ಮಡಿಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆ ದಾಟಿ ಹಿತ್ತಲ ಬಾಗಿಲ ತನಕ ಹೋದ. ಅಲ್ಲಿ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆ ಮನೆಯಲ್ಲೇ ಹುಟ್ಟಿದವನು.

"ಲೇ, ಎಲೆ ಎಲ್ಲಾಕ್ತಾರೆ?" ಅಂತ ಹೆಂಡತಿಯನ್ನು ಕೇಳಿದ.

ಅತ್ತಿಗೆ ಎದ್ದು ಹೋಗಿ ತೋರಿಸಲಿಲ್ಲ. ಹೊಸ್ತಿಲ ಹತ್ತಿರ ಕೂತಲ್ಲಿಂದಲೇ, "ಆ ಮೂರ್ನೇ ತೆಂಗಿನ್ ಬುಡಕ್ಕೆ. ಹಾಕಿ, ಒಂದ್ ಬಕೇಟ್ ನೀರ್ ಬುಟ್ಬನ್ನಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಾ, ನಾವ್ ಮೊದಲ್ನೇ ಪಂಕ್ತೀಲಿ ಕೂತ್ಕಳೋಣ" ಅಂದಳು.